ಅಡಿಕೆ ಗೋದಾಮನ್ನ ಗ್ಯಾಲರಿ ಮಾಡ್ತಿದೀವಿ: ತೊಗಲುಗೊಂಬೆಗೆ, ಪಟಗಳಿಗೆ ಲೈಟು ಸೌಂಡು ಹೆಂಗೆ ಮಾಡ್ಸೋದು?

ಹೆಂಚಿನಮನೆ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ದು ಚನ್ನಗಿರಿ ಕಡೆ. ಅಜ್ಜನ ಕಾಲದ ಅಡಿಕೆ ಗೋದಾಮು ಒಂದಿದೆ, ಹತ್ತು ವರ್ಷದಿಂದ ಖಾಲಿ ಬಿದ್ದಿತ್ತು, ಅದನ್ನ ಈಗ ಸಣ್ಣದೊಂದು ಆರ್ಟ್ ಗ್ಯಾಲರಿ ಮಾಡೋಣ ಅಂತ ನಾನೂ ನನ್ನ ತಮ್ಮನೂ ಕೆಲಸ ಶುರು ಮಾಡಿದೀವಿ. ಒಳಗೆ 30 ಅಡಿ ಉದ್ದ, 20 ಅಡಿ ಅಗಲ. ಗೋಡೆ ಹತ್ರ ಎತ್ತರ 10 ಅಡಿ, ನಡುವೆ ಸುಮಾರು 15 ಅಡಿ ಸಿಗುತ್ತೆ. ಮೇಲೆ ಮಂಗಳೂರು ಹೆಂಚು, ಅದ್ರಲ್ಲಿ ಎರಡು ಗಾಜಿನ ಹೆಂಚು. ನೆಲಕ್ಕೆ ಹೋದ ವರ್ಷ ವಿಟ್ರಿಫೈಡ್ ಟೈಲ್ಸ್ ಹಾಕ್ಸಿದ್ವಿ, ಗೋಡೆ ಪೂರ್ತಿ ಬಿಳಿ.

ಇಡೋಕೆ ಏನಿದೆ ಅಂದ್ರೆ, ಮೊದಲನೇದಾಗಿ 22 ತೊಗಲುಗೊಂಬೆ. ಅಜ್ಜನ ಕಾಲ್ದಲ್ಲಿ ಗೊಂಬೆ ಆಡ್ಸೋರು ಮಳೆಗಾಲಕ್ಕೆ ಬಂದು ಇದೇ ಗೋದಾಮಿನ ಜಗಲಿ ಮೇಲೆ ಉಳ್ಕೊಳ್ತಿದ್ರಂತೆ, ಹೊರಡುವಾಗ ಆಡ್ಸೋಕಾಗ್ದಷ್ಟು ಸವೆದಿರೋ ಗೊಂಬೆ ಅಜ್ಜನ ಹತ್ರ ಬಿಟ್ಟು ಅಕ್ಕಿ ರಾಗಿ ತಗೊಂಡು ಹೋಗ್ತಿದ್ರಂತೆ. ಅವೆಲ್ಲ ಟ್ರಂಕಲ್ಲಿ ಪಂಚೆ ಸುತ್ತಿ ಇಟ್ಟಿದ್ದು ಹಾಗೇ ಉಳ್ದಿದೆ. ಆಮೇಲೆ ಚಿನ್ನದ ರೇಕು ಹಚ್ಚಿರೋ ಮೈಸೂರು ಶೈಲಿ ಚಿತ್ರ ನಾಲ್ಕು, ಗಾಜಿನ ಫ್ರೇಮಿನವು. ಚಿಕ್ಕಪ್ಪ ಬರೆದ ಜಲವರ್ಣ ಎಂಟು. ಪರಿಚಯದ ಇಬ್ರು ಕಲಾವಿದರ ಆಯಿಲ್ ಪೇಂಟಿಂಗ್ ಆರು.

ಎಲೆಕ್ಟ್ರಿಷಿಯನ್ ಎಂಟು ಎಲ್‌ಇಡಿ ಟ್ಯೂಬ್ ಹಾಕಿ ಹೋದ್ರು, 6500 ಕೆಲ್ವಿನ್ ಅಂತ ಬರ್ದಿದೆ, ನೀಲಿ ಛಾಯೆಯ ಬಿಳಿ ಬೆಳಕು. ಹಾಕಿದ ದಿನ ರಾತ್ರಿ ಗೊಂಬೆನೆಲ್ಲ ಗೋಡೆಗೆ ತೂಗುಹಾಕಿ ನೋಡಿದ್ರೆ ಹೊಟ್ಟೆ ಉರೀತು. ಒಣಗಿದ ಹಲಸಿನೆಲೆ ಗೋಡೆಗೆ ಅಂಟಿಸಿದಂಗೆ ಬರೀ ಕಂದು, ಸೀತೆ ಯಾರು ಹನುಮಂತ ಯಾರು ಗೊತ್ತಾಗಲ್ಲ. ಮೈಸೂರು ಚಿತ್ರದ ಮುಂದೆ ನಿಂತ್ರೆ ಗಾಜಲ್ಲಿ ನನ್ನ ಮುಖ, ಹಿಂದೆ ಎರಡು ಟ್ಯೂಬ್‌ಲೈಟಿನ ಗೆರೆ, ಸರಸ್ವತಿ ಎಲ್ಲೋ ಒಳಗೆ. ಹಗಲು 11 ಗಂಟೆಗೆ ಗಾಜಿನ ಹೆಂಚಿಂದ ಬಿಸಿಲಿನ ಒಂದು ತುಂಡು ಬಂದು ಚಿಕ್ಕಪ್ಪನ ಜಲವರ್ಣದ ಮೇಲೆ ಕೂತು ಅರ್ಧ ಗಂಟೆ ಬಿಟ್ಟು ಪಕ್ಕಕ್ಕೆ ಸರಿಯುತ್ತೆ, ಅದೂ ಒಂದು ಹೆದರಿಕೆ.

ಸೌಂಡಿನ ಕತೆ ಇನ್ನೂ ಕಷ್ಟ. ಹಳೇ ಆಟದ್ದು ಒಂದು ಗಂಟೆ ರೆಕಾರ್ಡಿಂಗ್ ಇದೆ, ಮುಖವೀಣೆ, ಹಾರ್ಮೋನಿಯಂ, ಮದ್ದಳೆ, ಕತೆ ಹೇಳೋರ ಮಾತು ಎಲ್ಲ ಇದೆ. ಎರಡು ಬ್ಲೂಟೂತ್ ಸ್ಪೀಕರ್ ಮೂಲೇಲಿಟ್ಟು ಹಾಕಿದ್ರೆ ಒಂದು ಪದ ಅರ್ಥ ಆಗಲ್ಲ, ಬಾವಿ ಒಳಗಿಂದ ಕೂಗ್ದಂಗೆ. ವಾಲ್ಯೂಮ್ ಜಾಸ್ತಿ ಮಾಡಿದಷ್ಟೂ ಗಜಿಬಿಜಿ ಜಾಸ್ತಿ. ಒಂದೂವರೆ ಲಕ್ಷದ ಒಳಗೆ ಏನಾದ್ರೂ ಮಾಡಬೇಕು, ದೀಪಾವಳಿ ಹೊತ್ತಿಗೆ ಬಾಗ್ಲು ತೆಗೀಬೇಕು ಅಂತ ಆಸೆ. ತಿಳಿದವರು ಹೇಳಿ.


ಸೈಡ್‌ವಿಂಗ್:

ಮೇಡಂ, ಮೊದಲ ಕೆಲಸ, ಆ ಎಂಟೂ ಟ್ಯೂಬ್ ಆರಿಸಿ, ಗಾಜಿನ ಹೆಂಚಿಗೆ ಒಳಗಿಂದ ದಪ್ಪ ಕಪ್ಪು ಬಟ್ಟೆ ಕಟ್ಟಿ, ಕತ್ತಲೇಲಿ ಒಂದು ಹತ್ತು ನಿಮಿಷ ಸುಮ್ನೆ ಕೂತ್ಕೊಳಿ. ಆಮೇಲೆ ಒಂದೇ ಒಂದು ಟಾರ್ಚ್ ಹಿಡ್ಕೊಂಡು ಪ್ರತಿ ಕೃತಿ ಹತ್ರ ಹೋಗಿ ಮೇಲಿಂದ, ಪಕ್ಕದಿಂದ, ಹಿಂದಿಂದ ಬೆಳಕು ಬಿಟ್ಟು ನೋಡಿ. ನಾನು 15 ವರ್ಷ ನಾಟಕಕ್ಕೆ, ಆಮೇಲೆ ಗ್ಯಾಲರಿಗಳಿಗೆ ಲೈಟು ಮಾಡಿದೀನಿ, ಇವತ್ತಿಗೂ ಕೆಲಸ ಶುರು ಮಾಡೋದು ಹೀಗೇನೇ. ಯಾವ ಕೃತಿಗೆ ಎಲ್ಲಿಂದ ಬೆಳಕು ಬೇಕು ಅಂತ ಆ ಕೃತಿನೇ ತೋರಿಸುತ್ತೆ.

ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿದೀರಲ್ವಾ, ಅಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ, ಹಲ್ದಣ್‌ಕರ್ ಅವರು ಬರೆದ ಜಲವರ್ಣ, ಅದನ್ನ ಕತ್ತಲು ಮಾಡಿದ ಕೋಣೇಲಿ ಇಟ್ಟಿದಾರೆ. ಸ್ಕೂಲ್ ಟೂರಲ್ಲಿ ಹೋದ ಮಕ್ಕಳೂ ಅದರ ಮುಂದೆ ಬಂದಾಗ ಸುಮ್ಮನಾಗ್ತಾರೆ. ದೀಪಕ್ಕೆ ಅಡ್ಡ ಹಿಡಿದ ಕೈ ಬೆರಳ ಸಂದೀಲಿ ಆ ಕೆಂಪು ಕಾಣುತ್ತಲ್ಲ, ಅದು ಬರೀ ಕಾಗದ ಮತ್ತು ಬಣ್ಣ, ಹಿಂದೆ ಯಾವ ಬಲ್ಬೂ ಇಲ್ಲ. ಅದೇ ಚಿತ್ರನ ನಿಮ್ಮ ಎಂಟು ಟ್ಯೂಬಿನ ಕೆಳಗೆ ಇಟ್ಟಿದ್ರೆ ಕ್ಯಾಲೆಂಡರ್ ಥರ ಕಾಣ್ತಿತ್ತು. ಸುತ್ತ ಕತ್ತಲೆ ಇದ್ರೆ 50 ಲಕ್ಸ್ ಕೂಡ ಧಾರಾಳ (ಲಕ್ಸ್ ಅಂದ್ರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತೆ ಅನ್ನೋ ಅಳತೆ). ಆದ್ರೆ ಹೊರಗಿನ ಬಿಸಿಲಿಂದ ನೇರ ಒಳಗೆ ಬಂದೋರಿಗೆ ಮೊದಲ ಐದು ನಿಮಿಷ ಏನೂ ಕಾಣಲ್ಲ, ಅದಕ್ಕೇ ಬಾಗ್ಲ ಹತ್ರ ಒಂದು ಅಡ್ಡಗೋಡೆ ಥರ ಬಟ್ಟೆ ಪರದೆ ಕಟ್ಟಿ, ತಿರುಗಿ ಬರೋ ಹಾದಿ ಮಾಡಿ, ಅಲ್ಲಿ ಮಂದ ಬೆಳಕಿಟ್ಟು ಅಜ್ಜನ ಕತೆ ಬರೆದಿರೋ ಬೋರ್ಡ್ ಹಾಕಿ. ಓದೋ ಹೊತ್ತಿಗೆ ಕಣ್ಣು ಹೊಂದ್ಕೊಂಡಿರುತ್ತೆ.

ಬಿಳಿ ಗೋಡೆ ಬೇಡ. ಬೂದು ಅಥವಾ ಕಾವಿ ಕೆಮ್ಮಣ್ಣಿನ ಗಾಢ ಬಣ್ಣ, ಮ್ಯಾಟ್ ಫಿನಿಶ್. ಬಿಳಿ ಗೋಡೆ ತಾನೇ ಹೊಳೆದು ಕಣ್ಣಿನ ಪಾಪೆ ಕಿರಿದು ಮಾಡುತ್ತೆ, ಆಮೇಲೆ ಚಿತ್ರ ಮಂಕಾಯ್ತು ಅಂತ ನಾವು ಲೈಟು ಏರಿಸ್ತಾ ಹೋಗ್ತೀವಿ.

ಆಯಿಲ್ ಪೇಂಟಿಂಗಿಗೆ ಲೆಕ್ಕ ಸುಲಭ. ಗೋಡೆಗೆ ಸಮಾನಾಂತರವಾಗಿ 10 ಅಡಿ ಎತ್ತರದಲ್ಲಿ ಒಂದು ಪೈಪು ಅಥವಾ ಟ್ರ್ಯಾಕ್ ಕಟ್ಟಿ. ಚಿತ್ರದ ನಡುಭಾಗ ನೆಲದಿಂದ 5 ಅಡಿ ಇರ್ಲಿ. ಲೈಟಿಗೂ ಚಿತ್ರದ ನಡುವಿಗೂ ಎತ್ತರದ ವ್ಯತ್ಯಾಸ 5 ಅಡಿ ಆಯ್ತು, ಅದನ್ನ 0.58ರಿಂದ ಗುಣಿಸಿದ್ರೆ ಹತ್ತತ್ರ 3 ಅಡಿ, ಅಷ್ಟು ದೂರ ಗೋಡೆಯಿಂದ ಟ್ರ್ಯಾಕ್ ಇರ್ಬೇಕು. ಆಗ ಬೆಳಕು 30 ಡಿಗ್ರೀಲಿ ಬೀಳುತ್ತೆ. ಇನ್ನೂ ಹತ್ರ ತಂದ್ರೆ ಫ್ರೇಮಿನ ನೆರಳು ಚಿತ್ರದ ಮೇಲೆ ಮೀಸೆ ಥರ ಬೀಳುತ್ತೆ, ದೂರ ತಂದ್ರೆ ನೋಡೋರ ತಲೆ ನೆರಳೇ ಬೀಳುತ್ತೆ. ಆ ದೂರದಲ್ಲಿ 24 ಡಿಗ್ರಿ ಬೀಮ್ ಸುಮಾರು ಎರಡೂವರೆ ಅಡಿ ಅಗಲ ಹರಡುತ್ತೆ, 36 ಡಿಗ್ರಿ ಕಾಲು ಕಮ್ಮಿ ನಾಲ್ಕಡಿ ಅಂದ್ಕೊಳಿ, ಚಿತ್ರದ ಅಳತೆ ನೋಡಿ ಆರ್ಸಿ.

ಲೈಟು ತಗೊಳೋವಾಗ ವ್ಯಾಟ್ ನೋಡ್ಬೇಡಿ, ಸಿಆರ್‌ಐ ನೋಡಿ, ಅಂದ್ರೆ ಆ ಬೆಳಕಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಂಕ, 90ಕ್ಕಿಂತ ಮೇಲಿರ್ಬೇಕು. ಅದರ ಜೊತೆ ಆರ್9 ಎಷ್ಟು ಅಂತ ಕೇಳಿ, ಅಂಗಡಿಯವ್ರಿಗೆ ಗೊತ್ತಿಲ್ದಿದ್ರೆ ಡೇಟಾ ಶೀಟ್ ತರ್ಸಿ. ಆರ್9 ಅಂದ್ರೆ ಗಾಢ ಕೆಂಪು ಎಷ್ಟು ನಿಜವಾಗಿ ಕಾಣುತ್ತೆ ಅನ್ನೋದು. ಸಾಮಾನ್ಯ 80 ಸಿಆರ್‌ಐ ಲೈಟಲ್ಲಿ ಅದು ಸೊನ್ನೆ ಹತ್ರ ಇರ್ಬಹುದು. ನಮ್ಮ ಚಿತ್ರಗಳಲ್ಲಿ ಕುಂಕುಮ, ಸೆರಗು, ದೇವರ ಪೀಠ ಎಲ್ಲಾ ಕೆಂಪೇ ಅಲ್ವಾ, ಅದು ಸತ್ತುಹೋದ್ರೆ ಮುಗೀತು. ಬಣ್ಣ 2700ರಿಂದ 3000 ಕೆಲ್ವಿನ್ ಇರ್ಲಿ, ಅಂದ್ರೆ ಹಳದಿ ಕಡೆಯ ಬೆಚ್ಚನೆ ಬೆಳಕು. ಇನ್ನೊಂದು, ಅಂಗಡೀಲೇ ಲೈಟ್ ಹಚ್ಚಿ ಡಿಮ್ ಮಾಡಿ ಕೆಳಗೆ ಪೆನ್ನು ಜೋರಾಗಿ ಅಲ್ಲಾಡ್ಸಿ. ಪೆನ್ನು ನಾಲ್ಕೈದು ತುಂಡಾಗಿ ಕಂಡ್ರೆ ಆ ಲೈಟ್ ಮಿಣಮಿಣ ಅಂತಿದೆ ಅಂತ ಅರ್ಥ, ಬೇಡ. ಕಣ್ಣಿಗೆ ಗೊತ್ತಾಗ್ದಿದ್ರೂ ತಲೆನೋವು ತರುತ್ತೆ, ಫೋನಲ್ಲಿ ಫೋಟೋ ತೆಗೆದ್ರೆ ಪಟ್ಟೆ ಬರುತ್ತೆ.

ಮೈಸೂರು ಚಿತ್ರಕ್ಕೆ ಮಾತ್ರ ಈ 30 ಡಿಗ್ರಿ ಸಾಲದು. ಅಂಟು, ಬಿಳಿಪುಡಿ ಕಲ್ಸಿ ಉಬ್ಬಿಸಿ ಮಾಡೋ ಗೆಸ್ಸೋ ಕೆಲಸ ತಂಜಾವೂರಿನಷ್ಟು ದಪ್ಪ ಇರಲ್ಲ, ನಮ್ದು ತೆಳು. ಮುಂದಿಂದ ಬೆಳಕು ಬಿಟ್ರೆ ಚಪ್ಪಟೆ, ಪಕ್ಕದಿಂದ ಸವರಿಕೊಂಡು ಹೋಗೋ ಹಾಗೆ ಸಣ್ಣ ಬೀಮ್ ಬಿಟ್ರೆ ಕಿರೀಟದ ಒಂದೊಂದು ಮಣಿಗೂ ನೆರಳು ಹುಟ್ಟುತ್ತೆ, ರೇಕು ಎದ್ದು ಕಾಣುತ್ತೆ. ಟಾರ್ಚ್ ಹಿಡಿದು ನೋಡಿ, ನೀವೇ ಒಪ್ತೀರಿ. ಗಾಜಿನ ಪ್ರತಿಬಿಂಬಕ್ಕೆ ದುಡ್ಡು ಬೇಡದ ಉಪಾಯ ನಮ್ಮ ಹಳೇ ಮನೆಗಳಲ್ಲೇ ಇದೆ. ಬಾಗ್ಲ ಮೇಲೆ ದೇವರ ಪಟ, ಅಜ್ಜ ಅಜ್ಜಿ ಫೋಟೋ ಮೇಲ್ತುದಿ ಮುಂದಕ್ಕೆ ಬಗ್ಗಿಸಿ ತೂಗ್ಹಾಕ್ತಿದ್ರಲ್ಲ, ಹಾಗೇ ಒಂದಿಷ್ಟು ಬಗ್ಗಿಸಿದ್ರೆ ಗಾಜು ಎದುರಿನ ಲೈಟಿನ ಬದ್ಲು ನೆಲ ತೋರಿಸುತ್ತೆ. ಎದುರುಗೋಡೇಲಿ ಹೊಳೆಯೋದು ಏನೂ ಇರ್ಬಾರ್ದು ಅಷ್ಟೆ. ಬಜೆಟ್ ಉಳಿದ್ರೆ ಪ್ರತಿಫಲನ ಇಲ್ಲದ ಮ್ಯೂಸಿಯಂ ಗ್ಲಾಸ್ ನಾಲ್ಕಕ್ಕೆ ಹಾಕ್ಸಿ.

ಗೊಂಬೆಗೆ ಬೆಳಕು ಹಿಂದಿಂದಲೇ. 5 ಇಂಚು ಆಳದ ಮರದ ಬಾಕ್ಸ್, ಮುಂದೆ ಹಾಲುಬಿಳಿ ಅಕ್ರಿಲಿಕ್, ಒಳಗೆ 2700 ಕೆಲ್ವಿನ್ ಎಲ್‌ಇಡಿ ಸ್ಟ್ರಿಪ್, ಡ್ರೈವರ್ (ಎಲ್‌ಇಡಿಗೆ ಕರೆಂಟ್ ಕೊಡೋ ಡಬ್ಬಿ) ಮಾತ್ರ ಬಾಕ್ಸಿನ ಹೊರಗೆ, ಯಾಕಂದ್ರೆ ಅದು ಬಿಸಿಯಾಗುತ್ತೆ. ಅದರ ಮುಂದೆ ಗೊಂಬೆ.


ಹತ್ತಿಬಟ್ಟೆ:

ಸೈಡ್‌ವಿಂಗ್ ಅವರು ಹೇಳಿದ್ದೆಲ್ಲ ಸರಿ, ನಾನು ಕೃತಿಗಳ ಆಯಸ್ಸಿನ ಬಗ್ಗೆ ಮಾತ್ರ ಸೇರಿಸ್ತೀನಿ. ನಾನು ಕಾಗದ, ಬಟ್ಟೆ ಸಂರಕ್ಷಣೆ ಕೆಲಸ ಮಾಡೋಳು.

ಬಿಸಿಲಿನ ತುಂಡು ಜಲವರ್ಣದ ಮೇಲೆ ಬರುತ್ತೆ ಅಂದ್ರಲ್ಲ, ಆ ಚಿತ್ರನ ಇವತ್ತೇ ತೆಗೆದಿಡಿ, ದಯವಿಟ್ಟು. ನೇರ ಬಿಸಿಲು ಅಂದ್ರೆ ಒಂದು ಲಕ್ಷ ಲಕ್ಸ್‌ವರೆಗೂ ಹೋಗುತ್ತೆ, ಗಾಜಿನ ಹೆಂಚು ದಾಟಿ ಅರ್ಧಕ್ಕಿಳಿದ್ರೂ 50 ಸಾವಿರ. ಬೆಳಕಿನ ಹಾನಿ ಕೂಡ್ತಾ ಹೋಗೋ ಬಾಬತ್ತು, ಅಂಗಡಿ ಲೆಕ್ಕದ ಪುಸ್ತಕ ಇದ್ದಂಗೆ. 50 ಲಕ್ಸಲ್ಲಿ ಎರಡು ಗಂಟೆ ಇಟ್ರೂ 100 ಲಕ್ಸಲ್ಲಿ ಒಂದು ಗಂಟೆ ಇಟ್ರೂ ಖರ್ಚು ಒಂದೇ. ಹಂಗಾದ್ರೆ ಅರ್ಧ ಗಂಟೆ ಬಿಸಿಲು ಅಂದ್ರೆ 25 ಸಾವಿರ ಲಕ್ಸ್-ಗಂಟೆ ಆಯ್ತು. ಬೇಗ ಮಾಸೋ ಬಣ್ಣಗಳಿಗೆ ಅಂತರರಾಷ್ಟ್ರೀಯ ಬೆಳಕಿನ ಆಯೋಗ, ಸಿಐಇ ಅಂತಾರೆ, ಅದು 2004ರಲ್ಲಿ ಹೇಳಿದ ಮಿತಿ ವರ್ಷಕ್ಕೆ 15 ಸಾವಿರ ಲಕ್ಸ್-ಗಂಟೆ. ವರ್ಷ ಪೂರ್ತಿಯ ಪಾಲಿಗಿಂತ ಜಾಸ್ತಿ ಒಂದೇ ಬೆಳಿಗ್ಗೆ ಹೋಯ್ತು.

ತೊಗಲುಗೊಂಬೆಯ ಬಣ್ಣ ಯಾವುದು ಅಂತ ಖಚಿತ ಇಲ್ದಿದ್ರೆ ಅದನ್ನೂ ಅತಿ ಸೂಕ್ಷ್ಮ ಅಂತ್ಲೇ ಲೆಕ್ಕ ಹಾಕಿ. 50 ಲಕ್ಸ್, ದಿನಕ್ಕೆ 8 ಗಂಟೆ ಅಂದ್ರೆ ದಿನಕ್ಕೆ 400. 15 ಸಾವಿರ ಮುಗಿಯೋಕೆ 37 ದಿನ ಸಾಕು. ಬೇಜಾರಾಗ್ಬೇಡಿ, ದಾರಿ ಇದೆ. ನಿಮ್ಮ ಊರಲ್ಲಿ ಇಡೀ ದಿನ ಜನ ತುಂಬಿರಲ್ಲ, ಮೋಷನ್ ಸೆನ್ಸರ್ ಹಾಕಿ, ಜನ ಹತ್ರ ಬಂದ್ರೆ ಮಾತ್ರ ಲೈಟು ನಿಧಾನಕ್ಕೆ ಏರ್ಲಿ, ಹೋದ್ಮೇಲೆ ಇಳೀಲಿ. ದಿನಕ್ಕೆ ಒಟ್ಟು ಎರಡು ಗಂಟೆ ಹತ್ತಿದ್ರೆ ಅದೇ ಗೊಂಬೆ 150 ದಿನ ಇರ್ಬಹುದು. ಜೊತೆಗೆ 22 ಗೊಂಬೇಲಿ ಒಂದು ಸಲಕ್ಕೆ ಏಳೆಂಟು ಇಟ್ಟು ನಾಲ್ಕು ತಿಂಗಳಿಗೊಮ್ಮೆ ಬದಲಾಯಿಸಿ. ಜನ ಮತ್ತೆ ಬರೋಕೂ ಒಂದು ಕಾರಣ ಆಗುತ್ತೆ. ಆಯಿಲ್ ಪೇಂಟಿಂಗ್ ಅಷ್ಟು ಮೃದು ಅಲ್ಲ, 200 ಲಕ್ಸ್‌ವರೆಗೆ ತಡ್ಕೊಳುತ್ತೆ.

ಎರಡು ಸಾವಿರದ ಆಸುಪಾಸಲ್ಲಿ ಲಕ್ಸ್ ಮೀಟರ್ ಸಿಗುತ್ತೆ, ತಗೊಳಿ, ಫೋನ್ ಆಪ್ ನಂಬ್ಬೇಡಿ. ಹಿಂಬೆಳಕಿನ ಬಾಕ್ಸಲ್ಲಿ ಎಲ್ರೂ ಮಾಡೋ ತಪ್ಪು ಅಂದ್ರೆ ಮುಂದೆ ನಿಂತು ಅಳೆಯೋದು. ಮುಂದೆ ಕಾಣೋದು ತೊಗಲು ದಾಟಿ ಬಂದ ಬೆಳಕು, 50 ಇದ್ರೆ ಹಿಂದೆ ಐದಾರು ನೂರು ಇರ್ಬಹುದು. ಮೀಟರನ್ನ ಗೊಂಬೆ ಇರೋ ಜಾಗದಲ್ಲೇ, ಲೈಟಿನ ಕಡೆ ಮುಖ ಮಾಡಿ ಹಿಡಿದು ಅಳೀರಿ. ಆಮೇಲೆ ಗೊಂಬೆ ಅಕ್ರಿಲಿಕ್‌ಗೆ ತಾಗಬಾರ್ದು, ಬೆರಳಗಲ ಜಾಗ ಬಿಡಿ, ತೊಗಲಿಗೆ ಮೊಳೆ ಅಂತೂ ಬೇಡವೇ ಬೇಡ, ಹತ್ತಿ ದಾರದ ಕುಣಿಕೆ ಸಾಕು. ಮಳೆಗಾಲದಲ್ಲಿ ಬೂಷ್ಟು ಬರುತ್ತೆ, ಬಾಕ್ಸಿಗೆ ಮೇಲೆ ಕೆಳಗೆ ಗಾಳಿ ಆಡೋ ತೂತಿರ್ಲಿ.

ಬಣ್ಣ ಒಂದ್ಸಲ ಹೋದ್ರೆ ಹೋಯ್ತು. ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೋ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಅಂತ ಮಾಡಿದ ಐದು ದೊಡ್ಡ ಚಿತ್ರಗಳನ್ನ 1964ರಲ್ಲಿ ದೊಡ್ಡ ಕಿಟಕಿಗಳಿದ್ದ ಊಟದ ಹಾಲಲ್ಲಿ ಹಾಕಿದ್ರು, ಬಿಸಿಲಿಗೆ ಕೆಂಪು ಮಾಸಿ ಮಾಸಿ 1979ಕ್ಕೆ ತೆಗೆದಿಡ್ಬೇಕಾಯ್ತು. 2014ರಲ್ಲಿ ಅಲ್ಲಿನವ್ರು ಚಿತ್ರಕ್ಕೆ ಕೈ ಹಚ್ಚದೆ, ಪ್ರೊಜೆಕ್ಟರಿಂದ ಎಲ್ಲೆಲ್ಲಿ ಎಷ್ಟು ಬಣ್ಣ ಕಮ್ಮಿ ಆಗಿದ್ಯೋ ಅಲ್ಲಲ್ಲಿ ಅಷ್ಟಷ್ಟೇ ಬಣ್ಣದ ಬೆಳಕು ಬಿಟ್ಟು ಹಳೇ ರೂಪ ತೋರಿಸಿದ್ರು. ದಿನಾ ಸಂಜೆ 4 ಗಂಟೆಗೆ ಪ್ರೊಜೆಕ್ಟರ್ ಆಫ್ ಮಾಡ್ತಿದ್ರು, ಆಗ ಮಾಸಿದ ನಿಜವಾದ ಚಿತ್ರ ಕಾಣ್ತಿತ್ತು. ಅಷ್ಟು ದೊಡ್ಡ ಸಂಸ್ಥೆಗೂ ಬಣ್ಣ ವಾಪಸ್ ತರೋಕಾಗ್ಲಿಲ್ಲ, ಬೆಳಕಲ್ಲಿ ನೆನಪು ಮಾಡ್ಕೊಳೋಕಷ್ಟೇ ಆಯ್ತು. ನಿಮ್ಮ ಗೊಂಬೆಗಳ ಬಣ್ಣ ಇನ್ನೂ ಇದೆ, ಪುಣ್ಯಕ್ಕೆ ಟ್ರಂಕಿನ ಕತ್ತಲು ಕಾಪಾಡಿದೆ.


ತಂಬೂರಿತಂತಿ:

ನಮಸ್ಕಾರ್ರಿ, ನಾ ಹುಬ್ಬಳ್ಳ್ಯಾಗ ಸೌಂಡಿನ ಕೆಲ್ಸ ಮಾಡಾಂವ. ನಿಮ್ಮ ಸ್ಪೀಕರ್ ಕೆಟ್ಟಿಲ್ರಿ, ನಿಮ್ಮ ಕ್ವಾಣಿ ಹಂಗದ. ಕ್ವಾಣಿ ನಡುವ ನಿಂತು ಒಂದ್ ಸಲ ಚಪ್ಪಾಳಿ ಹೊಡೀರಿ, ಫೋನ್ಯಾಗ ರೆಕಾರ್ಡ್ ಮಾಡ್ಕೋರಿ, ಸಪ್ಪಳ ಪೂರಾ ಸಾಯಾಕ ಎಷ್ಟು ಹೊತ್ತು ಹಿಡೀತದ ನೋಡ್ರಿ. ನೀವು ಕೊಟ್ಟ ಅಳತಿ ಹಿಡದು ನಾ ಲೆಕ್ಕ ಹಾಕೀನಿ. ಒಳಗಿನ ಗಾತ್ರ ಹತ್ತತ್ರ 212 ಘನ ಮೀಟರ್. ಟೈಲ್ಸ್, ಸಿಮೆಂಟ್ ಗ್ವಾಡಿ ಸಪ್ಪಳಾನ ಕುಡಿಯೂದ ಇಲ್ಲ, ಹೆಂಚಿನ ಸಂದ್ಯಾಗ ಒಂದೀಟು ಹೊರಗ ಹೋಗ್ತದ, ಎಲ್ಲಾ ಕೂಡಿಸಿ 10 ಚದರ ಮೀಟರಿನಷ್ಟು ಹೀರ್ತದ ಅಂತ ಹಿಡದ್ರ, ಸಾಬಿನ್ ಸೂತ್ರದಾಗ (ಸಪ್ಪಳ ಸಾಯಾಕ ಎಷ್ಟು ಹೊತ್ತು ಅನ್ನೂ ಲೆಕ್ಕ) 0.161 ಗುಣಿಸು 212 ಭಾಗಿಸು 10, ಅಂದ್ರ 3.4 ಸೆಕೆಂಡ್. ಕತಿ ಹೇಳಾವ್ರು 'ಕೇಳ್ರಪ್ಪಾ' ಅಂದ್ರ ಆ 'ಪ್ಪಾ' ಮುಗಿಯೂದ್ರಾಗ ಮುಂದಿನ ಹತ್ತು ಮಾತು ಬಂದು ಅದರ ಮ್ಯಾಲೆ ಬೀಳ್ತಾವ. ಮಾತು ತಿಳೀಬೇಕಂದ್ರ ಒಂದು ಸೆಕೆಂಡಿನ ಹತ್ರ ಬರಬೇಕು.

ಇದಕಿಂತ ಮುಖ್ಯದ್ದು ಕೇಳ್ರಿ. ಇಂಥಾ ಕ್ವಾಣ್ಯಾಗ ಸ್ಪೀಕರಿಂದ ಒಂದೂವರಿ ಫೂಟ್ ದಾಟಿದ್ರ ಸಾಕು, ನಿಮ್ಮ ಕಿವಿಗೆ ಸ್ಪೀಕರಿನ ದನಿಕಿಂತ ಗ್ವಾಡಿಗೆ ಬಡದು ಬಂದ ದನಿನ ಜಾಸ್ತಿ. ಅದಕ್ಕ ವಾಲ್ಯೂಮ್ ಏರಿಸಿದ್ರ ಎರಡೂ ಕೂಡೇ ಏರ್ತಾವ, ಫಾಯ್ದೆ ಇಲ್ಲ. ಸ್ಪೀಕರ್ ಮೂಲಿಗೆ ಇಟ್ಟೀರಿ ಅಂದ್ರಲ್ಲ, ಮೂಲಿ ಅಂದ್ರ ಗುಂಯ್ ಅನ್ನೂ ದಪ್ಪ ದನಿ ಇನ್ನೂ ಹೆಚ್ಚ ಮಾಡ್ತದ.

ಏನ್ ಮಾಡ್ಬೇಕು ಅಂದ್ರ, 48 ಡೆನ್ಸಿಟಿದು 2 ಇಂಚಿನ ರಾಕ್‌ವೂಲ್ (ಕಲ್ಲು ಕರಗಿಸಿ ಎಳಿ ತಗದು ಮಾಡಿದ ಉಣ್ಣಿಯಂಥಾ ಹಲಗಿ) ತಗೊಂಡು ಕಟ್ಟಿಗಿ ಫ್ರೇಮಿನ್ಯಾಗ ಕೂಡ್ರಿಸಿ, ಪೂರಾ ಬಟ್ಟಿ ಸುತ್ತಿ ಸೀಲ್ ಮಾಡ್ರಿ, ಅದರ ಎಳಿ ಹಾರಿ ಚಿತ್ರಕ್ಕ ಹತ್ತಬಾರ್ದು. 24 ಚದರ ಮೀಟರ್ ಬೇಕು. ಗ್ವಾಡಿಗೆ ಬ್ಯಾಡ್ರಿ, ಗ್ವಾಡಿ ಚಿತ್ರಕ್ಕ ಬೇಕಲ್ಲ, ಹೆಂಚಿನ ಕೆಳಗ ತೊಲಿಗೆ ತೂಗ್ ಬಿಡ್ರಿ, ಕಪ್ಪು ಬಟ್ಟಿ ಸುತ್ತಿದ್ರ ಕತ್ತಲ್ಯಾಗ ಕಾಣೂದೂ ಇಲ್ಲ. ಅಷ್ಟು ಹಾಕಿದ್ರ 3.4 ಇಳದು 1.2ರ ಆಸುಪಾಸು ಬರ್ತದ, ಇಪ್ಪತ್ತು ಮಂದಿ ಒಳಗ ಬಂದ್ರಂದ್ರ ಅವರ ಬಟ್ಟಿಬರಿನೂ ಹೀರಿ ಒಂದರ ಒಳಗ. ನಮ್ಮ ನವಲಗುಂದ ಜಮಖಾನಿ ಹಾಸ್ರಿ ಅಂತ ಹೇಳಾಕ ನನಗ ಭಾಳ ಆಸೆ ಅದ, ಹಾಸ್ರಿ, ಚಂದ ಕಾಣ್ತದ, ಚಪ್ಪಲಿ ಸಪ್ಪಳ ಕಡಿಮಿ ಆಗ್ತದ, ಆದ್ರ ಅದು ತೆಳು ನೂಲಿಂದು, ಬರೇ ಸಣ್ಣ ಚುರುಕು ದನಿ ಹೀರ್ತದ, ಮದ್ದಳಿ ಗುಂಯ್ ಅನ್ನೂದಕ್ಕ ಸಾಲೂದಿಲ್ಲ. ಉಣ್ಣಿ ಕಂಬಳಿ ದಪ್ಪ ನೆರಿಗಿ ಬಿಟ್ಟು, ಗ್ವಾಡಿಯಿಂದ ನಾಕ್ ಬೆರಳು ಮುಂದ ಕಟ್ಟಿದ್ರ ಅದಕಿಂತ ಚಲೋ. ಸೈಡ್‌ವಿಂಗ್ ಅವರು ಬಾಗಲದಾಗ ಪರದೆ ಹೇಳ್ಯಾರಲ್ಲ, ಅದನ್ನ ಕಂಬಳೀದ ಮಾಡ್ರಿ, ಹೊರಗಿನ ಗಾಡಿ ಸಪ್ಪಳಾನೂ ತಡೀತದ.

ಸ್ಪೀಕರ್ ಸಣ್ಣದು, ಗೊಂಬಿ ಪರದೆ ಹಿಂದ, ಮನಷ್ಯಾನ ಬಾಯಿ ಇರೂ ಎತ್ತರಕ್ಕ. ದನಿ ಗೊಂಬಿ ಇದ್ದ ಕಡಿಂದನ ಬರ್ಬೇಕ್ರಿ. ಕೆನಡಾದ ಜಾನೆಟ್ ಕಾರ್ಡಿಫ್ ಅನ್ನೂ ಕಲಾವಿದೆ 2001ರಾಗ 40 ಸ್ಪೀಕರ್ ಸುತ್ತಲೂ ನಿಲ್ಲಿಸಿ ಒಂದೊಂದರಾಗ ಒಬ್ಬೊಬ್ಬ ಹಾಡುಗಾರನ ದನಿ ಇಟ್ಟಾಳ, ನಡುವ ನಿಂತ್ರ ಮ್ಯಾಳ, ಒಂದರ ಹತ್ರ ಹೋದ್ರ ಒಬ್ಬನ ಉಸುರು. ನಿಮಗ 40 ಬ್ಯಾಡ, ಮೂರು ಸಾಕು. ಹೊಸದಾಗಿ ರೆಕಾರ್ಡ್ ಮಾಡೂ ಯೋಗ ಬಂದ್ರ ಮಾತಿಗೊಂದು, ಮುಖವೀಣಿಗೊಂದು, ಮದ್ದಳಿಗೊಂದು ಮೈಕ್ ಬ್ಯಾರೆ ಬ್ಯಾರೆ ಇಡ್ರಿ, ಪರದೆ ಹಿಂದ ಮೂರು ಸಣ್ಣ ಸ್ಪೀಕರಿನ್ಯಾಗ ಹಂಚ್ರಿ. ಮಾತಿನ ಸ್ಪೀಕರಿನ್ಯಾಗ ಮಾತಷ್ಟ ಇದ್ರ ಕಡಿಮಿ ದನ್ಯಾಗನೂ ತಿಳೀತದ.

ಮ್ಯಾಲಿಂದ ತೂಗ್ ಬಿಡೂ ಗುಮ್ಮಟ ಸ್ಪೀಕರ್ ಬರ್ತಾವ, ಕೆಳಗ ನಿಂತವಗಷ್ಟ ಕೇಳೂವಂಥವು, ಅಂಗಡಿಯವ್ರು ತಗೋರಿ ಅಂತಾರ. ಮಾತಿಗೆ ಅಡ್ಡಿಯಿಲ್ಲ, ಆದ್ರ ದಪ್ಪ ದನಿ ಅದರ ಮಾತು ಕೇಳೂದಿಲ್ಲ, ಸುತ್ತ ಹರಡ್ತದ, ಮತ್ತ ನಿಮ್ಮ ಟೈಲ್ಸ್‌ಗೆ ಬಡದು ತಿರುಗಿ ಬರ್ತದ. ರೊಕ್ಕ ಮದಲ ರಾಕ್‌ವೂಲಿಗೆ ಹಾಕ್ರಿ.

ಇನ್ನ ಚಿತ್ರಗಳಿಗೆ ಹಿನ್ನೆಲಿ ಸಂಗೀತ ಹಾಕೂ ವಿಚಾರ ಇದ್ರ ಬಿಟ್ಟುಬಿಡ್ರಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯವ್ರು 2015ರಾಗ ಆರು ಚಿತ್ರಕ್ಕ ಆರು ಮಂದಿ ಕಡಿಂದ ದನಿ ಮಾಡ್ಸಿ ಇಟ್ಟಿದ್ರು, ಒಂದೊಂದಕ್ಕ ಬ್ಯಾರೆ ಕತ್ತಲಿ ಕ್ವಾಣಿ ಇತ್ತು ಅವರಿಗೆ. ನಿಮಗಿರೂದು ಒಂದ ಕ್ವಾಣಿ. ಗೊಂಬಿಗೆ ದನಿ ಹುಟ್ಟಿಂದನ ಅದ, ಅದಕ್ಕಷ್ಟ ಕೊಡ್ರಿ. ಅದೂ ಇಡೀ ದಿನ ತಿರುಗಿ ತಿರುಗಿ ಬ್ಯಾಡ, ಬಾಗಲದಾಗ ಕೂಡ್ರೂ ಹುಡುಗಿ ದಿನಕ್ಕ ನೂರು ಸಲ ಅದನ್ನ ಕೇಳ್ಬೇಕಲ್ರಿ, ಪಾಪ. ನಾಕ್ ನಿಮಿಷದ ತುಂಡು ಮಾಡಿ ಒಂದು ಬಟನ್ ಇಡ್ರಿ, ಬೇಕಾದವ್ರು ಒತ್ತಲಿ, ಮುಗದ ಮ್ಯಾಲೆ ಸುಮ್ಮನಿರ್ಲಿ.


ಊರೂರುತಿರುಗಿ:

ನಾನು ಲೈಟಿನವನೂ ಅಲ್ಲ ಸೌಂಡಿನವನೂ ಅಲ್ಲ, ಬಯಲಾಟ, ಗೊಂಬೆಯಾಟ ನೋಡ್ತಾ ಊರೂರು ತಿರುಗಿದೋನು. ಒಂದು ವಿಷಯಕ್ಕೆ ಸೈಡ್‌ವಿಂಗ್ ಅವರ ಜೊತೆ ನನಗೆ ಒಪ್ಪಿಗೆ ಇಲ್ಲ. ಅಕ್ರಿಲಿಕ್ ಬಾಕ್ಸಿನ ಮುಂದೆ ಗೊಂಬೆ ಇಟ್ರೆ ಅದು ಎಕ್ಸ್‌ರೇ ನೋಡೋ ಡಬ್ಬಿ ಥರ ಆಗುತ್ತೆ. ಗೊಂಬೆ ಮಾಡೋರು ಅದನ್ನ ಬಟ್ಟೆ ಮೂಲಕ ನೋಡೋಕೆ ಅಂತ ಮಾಡಿರೋದು. ಬಿಳಿ ಪರದೆ, ಅದರ ಹಿಂದೆ ಗೊಂಬೆ, ಅದರ ಹಿಂದೆ ದೀಪ. ಮೊದಲು ಹರಳೆಣ್ಣೆ ದೀಪ ಇತ್ತು, ಆಮೇಲೆ ಗ್ಯಾಸ್‌ಲೈಟು ಬಂತು, ಆಮೇಲೆ ಬಲ್ಬು. ಮೈಯೆಲ್ಲ ಉಳೀಲಿ ಕೊರೆದ ತೂತುಗಳಿವೆಯಲ್ಲ, ಸರಕ್ಕೊಂದು ಸಾಲು, ಸೀರೆ ಅಂಚಿಗೊಂದು ಸಾಲು, ಅವು ಆಭರಣ. ಒಂದೇ ದೀಪದ ಬೆಳಕು ಆ ತೂತಲ್ಲಿ ನುಗ್ಗಿ ಪರದೆ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಾಗ ಸರ ಹೊಳೆಯುತ್ತೆ. ಅಗಲವಾದ ಪ್ಯಾನಲ್ ಬೆಳಕಿಗೆ ನೆರಳೇ ಹುಟ್ಟಲ್ಲ, ತೂತು ಬರೀ ತೂತಾಗಿ ಕಾಣುತ್ತೆ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಲ್ಲಿ ಎಂ.ಎಸ್. ನಂಜುಂಡರಾಯರು ಕೂಡಿಸಿದ ತೊಗಲುಗೊಂಬೆಗಳಿವೆ, ಖರ್ಚು ಮಾಡೋ ಮುಂಚೆ ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ನಿಮಗೆ ಗೊತ್ತಿರುತ್ತೆ, ಅಂದ್ರೆ ಇದು ಟ್ರಂಕಿನ ಕಲೆ ಅಲ್ಲ, ಆಡ್ಸೋರು ಇನ್ನೂ ಇದಾರೆ. ನಿಮ್ಮ ಜಗಲೀಲಿ ಉಳ್ಕೊಳ್ತಿದ್ದ ಕುಟುಂಬದವ್ರು ಈಗ ಎಲ್ಲಿದಾರೆ ಹುಡುಕಿ. ಆ ರೆಕಾರ್ಡಿಂಗಲ್ಲಿ ಮಾತಾಡ್ತಿರೋರು ಯಾರು? ಅವರ ಹೆಸರು ಬೋರ್ಡಲ್ಲಿ ಇರ್ಬೇಕು, ಅವರ ಮನೆಯವರನ್ನ ಕೇಳಿ, ಸಂಭಾವನೆ ಕೊಟ್ಟು ಬಳಸ್ಬೇಕು. ಯಾವ ಗೊಂಬೆಗೆ ಯಾವುದು ಎದುರು ನಿಲ್ಬೇಕು, ದೀಪ ಎಷ್ಟು ಎತ್ತರಕ್ಕೆ ಅಂತ ಅವರಷ್ಟು ಚೆನ್ನಾಗಿ ಇಲ್ಲಿ ಯಾರಿಗೂ ಗೊತ್ತಿಲ್ಲ, ನನಗೂ ಇಲ್ಲ.


ಸೈಡ್‌ವಿಂಗ್:

ಊರೂರುತಿರುಗಿ ಅಣ್ಣ ಹೇಳಿದ್ದು ಸರಿ, ನನ್ನ ಬಾಕ್ಸ್ ಮಾತು ವಾಪಸ್ ತಗೋತೀನಿ. ಮೇಡಂ, ಗೋದಾಮಿನ ಒಂದು ಕೊನೇಲಿ 6 ಅಡಿ ಬಿಟ್ಟು ಅಡ್ಡಕ್ಕೆ ತೆಳು ಬಿಳಿ ಹತ್ತಿ ಬಟ್ಟೆ ಬಿಗಿಯಾಗಿ ಎಳೆದು ಕಟ್ಟಿ. ಹಿಂದೆ ಗೊಂಬೆ, ಬಟ್ಟೆಯಿಂದ ಒಂದಿಂಚು ದೂರ. ಅದರ ಹಿಂದೆ 4 ಅಡಿಗೆ ಸಣ್ಣ ಮುಖದ ಒಂದೇ ಸ್ಪಾಟ್, ಸಿಕ್ಕಿದ್ರೆ 2200 ಕೆಲ್ವಿನ್, ಎಣ್ಣೆ ದೀಪದ ಬಣ್ಣಕ್ಕೆ ಹತ್ರ. ದೀಪದ ಮುಖ ಚಿಕ್ಕದಿದ್ದು ಗೊಂಬೆ ಬಟ್ಟೆಗೆ ಹತ್ರ ಇದ್ದಷ್ಟೂ ನೆರಳಿನ ಅಂಚು ಚೂಪು. ಗೊಂಬೆಗೊಂದು ಸ್ಪಾಟ್, ನಡುವೆ ಕಪ್ಪು ಬಟ್ಟೆ ಅಡ್ಡ, ಇಲ್ದಿದ್ರೆ ಎರಡೆರಡು ನೆರಳು ಬೀಳುತ್ತೆ.


ಹೆಂಚಿನಮನೆ:

ಎಲ್ರಿಗೂ ಕೈಮುಗೀತೀನಿ. ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಗಾಜಿನ ಹೆಂಚು ಎರಡೂ ತೆಗೆಸಿ ಮಣ್ಣಿನ ಹೆಂಚು ಹೊದೆಸಿದ್ವಿ. ರಾಕ್‌ವೂಲ್ ಫ್ರೇಮು ನಮ್ಮೂರ ಬಡಗಿ ಹತ್ರಾನೇ ಮಾಡ್ಸಿ ಅರ್ಧ ತೂಗುಹಾಕಿದೀವಿ, ಅಷ್ಟಕ್ಕೇ ತಮ್ಮ ಆ ಕೊನೇಲಿ ನಿಂತು ಮಾತಾಡಿದ್ದು ಈ ಕೊನೆಗೆ ಕೇಳುತ್ತೆ. ಮೈಸೂರು ಚಿತ್ರಕ್ಕೆ ಪಕ್ಕದಿಂದ ಟಾರ್ಚ್ ಬಿಟ್ಟಾಗ ಸರಸ್ವತಿಯ ವೀಣೆ ತಂತಿ ಕೂಡ ಉಬ್ಬಿಸಿ ಮಾಡಿದಾರೆ ಅಂತ ಮೊದಲ ಸಲ ಗೊತ್ತಾಯ್ತು, ನಲವತ್ತು ವರ್ಷ ಅದು ನಮ್ಮ ಹಾಲಲ್ಲೇ ಇತ್ತು.

ಮೊನ್ನೆ ರಾತ್ರಿ ಬಟ್ಟೆ ಕಟ್ಟಿ ಒಂದೇ ಒಂದು ಗೊಂಬೆ ಇಟ್ಟು ನೋಡಿದ್ವಿ. ಅಜ್ಜಿಗೆ 86, ಅವ್ರನ್ನ ಕುರ್ಚೀಲಿ ಕೂರ್ಸಿ ಲೈಟು ನಿಧಾನಕ್ಕೆ ಏರ್ಸಿದ್ವಿ. ನಾವು ಇಷ್ಟು ದಿನ ಯಾರೋ ರಾಕ್ಷಸ ಅಂದ್ಕೊಂಡಿದ್ದ ಕಂದು ತೊಗಲು, ಪರದೆ ಮೇಲೆ ಬಂದಾಗ ಹಸಿರು ಸೀರೆ, ಕೆಂಪು ಕುಪ್ಪಸ, ಕುತ್ತಿಗೇಲಿ ಎರಡೆಳೆ ಸರ, ಸರದ ಪ್ರತಿ ಮಣೀಲೂ ಬೆಳಕು. ಅಜ್ಜಿ ನೋಡಿದ ತಕ್ಷಣ "ಮಂಡೋದರಿ ಕಣೇ ಅದು" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ದೀಪ ಇನ್ನೂ ಕೆಳಗಿರ್ತಿತ್ತು, ಕೂತು ಆಡ್ಸೋರ ಎದೆ ಮಟ್ಟಕ್ಕೆ, ಮುಖದ ನೆರಳು ಮೇಲಕ್ಕೆ ಏಳ್ತಿತ್ತು ಅಂದ್ರು. ಸ್ಪಾಟನ್ನ ಒಂದಡಿ ಕೆಳಗಿಳಿಸಿದ್ವಿ, ಈಗ ಸರಿ ಅಂದ್ರು.

ಗೊಂಬೆ ಆಡ್ಸೋರ ಕುಟುಂಬ ಚಿತ್ರದುರ್ಗದ ಕಡೆ ಇದೆ ಅಂತ ಅಜ್ಜಿ ನೆನಪಿಂದ ಒಂದು ಊರಿನ ಹೆಸರು ಸಿಕ್ಕಿದೆ, ಬರೋ ಭಾನುವಾರ ಹೋಗ್ತಿದೀವಿ, ರೆಕಾರ್ಡಿಂಗೂ ತಗೊಂಡು ಹೋಗ್ತೀವಿ. ತಂಬೂರಿತಂತಿ ಅಣ್ಣ, ಅವ್ರು ಒಪ್ಪಿದ್ರೆ ಮೂರು ಮೈಕಲ್ಲಿ ರೆಕಾರ್ಡ್ ಮಾಡೋಕೆ ನೀವು ಬರೋಕಾಗುತ್ತಾ? ಹತ್ತಿಬಟ್ಟೆ ಅಕ್ಕ, ಮೀಟರ್ ಬಂತು, ಗೊಂಬೆ ಜಾಗದಲ್ಲಿ ಲೈಟಿನ ಕಡೆ ತಿರುಗಿಸಿ ಹಿಡಿದ್ರೆ 70 ತೋರಿಸ್ತಿದೆ, ಡಿಮ್ಮರ್ ಇನ್ನೂ ಇಳಿಸಿದ್ರೆ ಸರದ ಹೊಳಪು ಹೋಗುತ್ತೆ. ಸೆನ್ಸರ್ ಟೈಮ್ ಕಮ್ಮಿ ಮಾಡಿ 70ರಲ್ಲೇ ಬಿಡ್ಬಹುದಾ?


ಹತ್ತಿಬಟ್ಟೆ:

ಬಿಡ್ಬಹುದು. 70ಕ್ಕೆ ದಿನಕ್ಕೆ ಒಂದೂವರೆ ಗಂಟೆ ಮೀರದಂಗೆ ನೋಡ್ಕೊಳಿ, ಆಗ 105 ಲಕ್ಸ್-ಗಂಟೆ ಆಯ್ತು, ನಾನು ಹೇಳಿದ 150 ದಿನದ ಲೆಕ್ಕಕ್ಕೆ ಹತ್ರಾನೇ ಇರುತ್ತೆ. ಸೆನ್ಸರ್ 90 ಸೆಕೆಂಡಿಗೆ ಆರೋ ಥರ ಇಡಿ. ಒಂದು ನೋಟ್‌ಬುಕ್ಕಲ್ಲಿ ಯಾವ ಗೊಂಬೆ ಎಂದು ಹೊರಗೆ ಬಂತು, ಎಂದು ಟ್ರಂಕಿಗೆ ಹೋಯ್ತು ಬರೀತಾ ಹೋಗಿ, ಮಂಡೋದರಿ ಹೆಸರಿಂದಲೇ ಶುರು ಮಾಡಿ.